ಒಡೆಯ ಹೋದ, ಗೊಂಬೆ ಉಳಿಯಿತು: ಬ್ರೇ ವಯಾಟ್ ರಿಲೀಸ್ ಆದ ಮೇಲೆ ಅಲೆಕ್ಸಾ ಬ್ಲಿಸ್ ಕಥೆ

2021ರ ಜುಲೈ 31, ಶನಿವಾರ. ರೆಸ್ಲರ್ ಬ್ರೇ ವಯಾಟ್ ಇನ್ನು ತಮ್ಮ ಜೊತೆ ಇಲ್ಲ, ಮುಂದಿನ ಕೆಲಸಗಳಿಗೆ ಶುಭವಾಗಲಿ ಎಂದು ಅಮೆರಿಕದ ರೆಸ್ಲಿಂಗ್ ಕಂಪನಿ ಡಬ್ಲ್ಯುಡಬ್ಲ್ಯುಇ ಎರಡು ಸಾಲಿನ ಪ್ರಕಟಣೆ ಹಾಕಿ ಸುಮ್ಮನಾಯಿತು. ಒಪ್ಪಂದ ಮುಗಿಸಿ ಹೀಗೆ ಕಳಿಸುವುದೇ 'ರಿಲೀಸ್'. ಕಾರಣ ಹೇಳಲಿಲ್ಲ. ಬಜೆಟ್ ಕಡಿತ ಎಂದು ವರದಿಗಳು ಬಂದವು. ಅದೇ ವರ್ಷ ಕಂಪನಿಯ ಆದಾಯ ಮೊದಲ ಸಲ 100 ಕೋಟಿ ಡಾಲರ್ ದಾಟಿತು ಎಂಬುದನ್ನೂ ಜೊತೆಗಿಟ್ಟು ಓದಿಕೊಳ್ಳಬೇಕು. ಏಪ್ರಿಲ್ 15ರಂದು ಒಂದು ಗುಂಪು ಹೋಗಿತ್ತು, ಅದರಲ್ಲಿ ವಯಾಟ್‌ನ ತಮ್ಮ ಬೋ ಡಲ್ಲಾಸ್ ಇದ್ದ. ಜೂನ್ 2ರಂದು ಬ್ರಾನ್ ಸ್ಟ್ರೋಮನ್, ಅಲಿಸ್ಟರ್ ಬ್ಲ್ಯಾಕ್ ಮೊದಲಾದವರು ಹೋದರು. ಜುಲೈ 31ರಂದು ಹೋದವನು ಒಬ್ಬನೇ. ಆದರೆ ಅವನ ಹೆಸರಿನ ಸುತ್ತ ಒಂದು ಕಥೆ ಇನ್ನೂ ಟಿವಿಯಲ್ಲಿ ನಡೆಯುತ್ತಿತ್ತು. ಎರಡೇ ದಿನಕ್ಕೆ ಕಂಪನಿಯ ವಾರದ ಟಿವಿ ಕಾರ್ಯಕ್ರಮ, ಸೋಮವಾರದ 'ರಾ'. ಆ ಕಥೆಯಲ್ಲಿ ಅವನ ಜೊತೆಗಿದ್ದ ರೆಸ್ಲರ್ ಅಲೆಕ್ಸಾ ಬ್ಲಿಸ್ ಎಂದಿನ ವೇಷದಲ್ಲಿ, ಎಂದಿನ ಗೊಂಬೆ ಹಿಡಿದು ಬರಲೇಬೇಕಿತ್ತು.

ಧಾರಾವಾಹಿಯಲ್ಲಾದರೆ ಇದು ದೊಡ್ಡ ಕಷ್ಟವಲ್ಲ. ನಟ ಬಿಟ್ಟು ಹೋದರೆ ಇನ್ನೊಬ್ಬನನ್ನು ತಂದು, ಇನ್ನು ಮುಂದೆ ಈ ಪಾತ್ರದಲ್ಲಿ ಇಂಥವರು ಎಂದು ಒಂದು ಸಾಲು ಹಾಕಿದರೆ ನೋಡುವವರು ನಾಲ್ಕು ದಿನದಲ್ಲಿ ಒಗ್ಗಿಕೊಳ್ಳುತ್ತಾರೆ. ಕಥೆ, ಫಲಿತಾಂಶ ಎರಡನ್ನೂ ಮೊದಲೇ ಬರೆದಿಡುವ ಪ್ರೊ ರೆಸ್ಲಿಂಗ್‌ನಲ್ಲಿ ಪಾತ್ರವೂ ಮೈಯೂ ಒಂದೇ. ಹೆಸರು ಕಂಪನಿಯ ಸ್ವತ್ತು, ಮುಖವಾಡ ಕಂಪನಿಯ ಬಳಿಯೇ ಉಳಿಯುತ್ತದೆ. ಹಾಗಿದ್ದರೂ ಆ ಮುಖವಾಡದೊಳಗೆ ಬೇರೆಯವರನ್ನು ನಿಲ್ಲಿಸಿದರೆ ಮೊದಲ ಹೆಜ್ಜೆಗೇ ಜನ ಗುರುತು ಹಿಡಿಯುತ್ತಾರೆ. ಹಾಗಾಗಿ ಉಳಿಯುವುದು ಎರಡೇ ದಾರಿ: ಕಥೆಯನ್ನು ಅಲ್ಲಿಗೇ ಕತ್ತರಿಸುವುದು, ಇಲ್ಲವೇ ಉಳಿದವರ ಹೆಗಲಿಗೆ ಹೊರಿಸುವುದು. ಇಲ್ಲಿ ಎರಡನೆಯದನ್ನು ಆರಿಸಿದರು. ಅದು ಎಲ್ಲಿಯವರೆಗೆ ನಡೆಯಿತು, ಎಲ್ಲಿ ಮುಗ್ಗರಿಸಿತು ಎಂಬುದನ್ನು ಈ ಪ್ರಕರಣದಷ್ಟು ಸ್ಪಷ್ಟವಾಗಿ ತೋರಿಸುವುದು ಇನ್ನೊಂದಿಲ್ಲ.

ಯಾರ ಶಕ್ತಿ, ಯಾರ ಸಾಲ

ವಯಾಟ್‌ನ ನಿಜ ಹೆಸರು ವಿಂಡಮ್ ರೊಟಂಡಾ. ತಂದೆ ಮೈಕ್ ರೊಟಂಡಾ, ತಾತ ಬ್ಲ್ಯಾಕ್‌ಜ್ಯಾಕ್ ಮಲ್ಲಿಗನ್, ಮೂರು ತಲೆಮಾರಿನ ರೆಸ್ಲಿಂಗ್ ಮನೆ. 2019ರ ಏಪ್ರಿಲ್‌ನಲ್ಲಿ ಮಕ್ಕಳ ಕಾರ್ಯಕ್ರಮದ ಧಾಟಿಯ 'ಫೈರ್‌ಫ್ಲೈ ಫನ್ ಹೌಸ್' ಶುರುವಾಯಿತು. ಸ್ವೆಟರ್ ತೊಟ್ಟು ನಗುವ ವಯಾಟ್, ಸುತ್ತ ಮರ್ಸಿ ಎಂಬ ರಣಹದ್ದು, ಆ್ಯಬಿ ಎಂಬ ಮಾಟಗಾತಿ, ಒಂದು ಮೊಲ, ಒಂದು ಹಂದಿ. ಆ ನಗುವಿನ ಇನ್ನೊಂದು ಮುಖವೇ 'ದ ಫೀಂಡ್'. ಅದೇ ವರ್ಷದ ಆಗಸ್ಟ್ 11ರ ದೊಡ್ಡ ಕಾರ್ಯಕ್ರಮ ಸಮ್ಮರ್‌ಸ್ಲ್ಯಾಮ್‌ನಲ್ಲಿ ಫಿನ್ ಬ್ಯಾಲರ್ ಎದುರು ಅದರ ಮೊದಲ ಪಂದ್ಯ. ಎಷ್ಟು ಹೊಡೆದರೂ ಏಳುವವನು, ದೀಪ ಆರಿಸಿ ಬರುವವನು, ಬಾಯೊಳಗೆ ಕೈ ತೂರಿಸಿ ಪ್ರಜ್ಞೆ ತಪ್ಪಿಸುವವನು. ಅವನು ಮುಟ್ಟಿದವರು ಬದಲಾಗುತ್ತಾರೆ ಎಂಬುದು ಕಥೆಯ ಮೂಲ ನಿಯಮ.

2020ರ ಜುಲೈ ಕೊನೆಯಲ್ಲಿ, ಸ್ಟ್ರೋಮನ್ ಜೊತೆಗಿನ ಜಗಳದ ನಡುವೆ, ಫೀಂಡ್ ಬ್ಲಿಸ್‌ಳನ್ನು ಮುಟ್ಟಿದ. ಅಲ್ಲಿಂದ ಅವಳು ನಿಧಾನವಾಗಿ ಅವನ ಕಡೆಗೆ ಜಾರಿದಳು. ಗೆಳತಿ ನಿಕ್ಕಿ ಕ್ರಾಸ್ ಮೇಲೆ ವಯಾಟ್‌ನ 'ಸಿಸ್ಟರ್ ಅಬಿಗೇಲ್' ಪಟ್ಟನ್ನೇ ಹಾಕಿದಳು. ಅಕ್ಟೋಬರ್‌ನ ಡ್ರಾಫ್ಟ್‌ನಲ್ಲಿ (ಯಾರು ಯಾವ ಕಾರ್ಯಕ್ರಮಕ್ಕೆ ಎಂಬ ಹಂಚಿಕೆ) ವಯಾಟ್, ಬ್ಲಿಸ್ ಇಬ್ಬರೂ 'ರಾ'ಗೆ ಬಂದರು. ಇಲ್ಲಿ ಗಮನಿಸಬೇಕಾದ ಅಂಶ ಒಂದಿದೆ. ಬ್ಲಿಸ್‌ಳ ಮಾಟವೆಲ್ಲ ಎರವಲು. ಅವಳ ಪಟ್ಟು, ಕಣ್ಣಿನ ನೋಟ, ದೀಪದ ಆಟ, ಎಲ್ಲವೂ ಅವನಿಂದ ಬಂದದ್ದು ಎಂದು ಟಿವಿಯೇ ವಾರಗಟ್ಟಲೆ ಹೇಳಿತ್ತು. ಸಾಲ ಕೊಟ್ಟವನು ಊರು ಬಿಟ್ಟ ಮೇಲೆ ಈ ಲೆಕ್ಕ ಮುಂದೆ ಬಂದು ನಿಲ್ಲುತ್ತದೆ.

ಇನ್ನೊಂದು ಅಂಶವನ್ನು ಬಹಳ ಜನ ಮರೆಯುತ್ತಾರೆ. ವಯಾಟ್ ಇಲ್ಲದೆ ಈ ಕಥೆ ನಡೆಸಿದ್ದು ಆಗಸ್ಟ್‌ನಲ್ಲಿ ಮೊದಲಲ್ಲ. 2020ರ ಡಿಸೆಂಬರ್ 20ರ ಟಿಎಲ್‌ಸಿ ಕಾರ್ಯಕ್ರಮದಲ್ಲಿ ಎದುರಾಳಿ ರ‍್ಯಾಂಡಿ ಆರ್ಟನ್ ಫೀಂಡ್‌ನನ್ನು 'ಸುಟ್ಟ'. ಕ್ಯಾಮೆರಾ ಕಟ್ ಆದ ಮೇಲೆ ಉರಿದದ್ದು ಬೊಂಬೆ. ಅಲ್ಲಿಂದ ಮಾರ್ಚ್ 21ರ ಫಾಸ್ಟ್‌ಲೇನ್‌ವರೆಗೆ ಮೂರು ತಿಂಗಳು ಫೀಂಡ್ ಪರದೆಯ ಮೇಲೆ ಇರಲಿಲ್ಲ. ಆ ಅವಧಿಯನ್ನು ಬ್ಲಿಸ್ ಒಬ್ಬಳೇ ಹೊತ್ತಳು. ಜನವರಿ 11ರಂದು ಆರ್ಟನ್ ಮುಖಕ್ಕೆ ಬೆಂಕಿಯುಂಡೆ ಎಸೆದಳು, ಫೆಬ್ರುವರಿಯಲ್ಲಿ ಅವನು ಕಪ್ಪು ದ್ರವ ಕೆಮ್ಮುವಂತಾಯಿತು, ಉಯ್ಯಾಲೆಯ ಮೇಲೆ ಕುಳಿತು ತನ್ನದೇ 'ಪ್ಲೇಗ್ರೌಂಡ್' ನಡೆಸಿದಳು. ಆಗ ಕಥೆ ಕುಸಿಯಲಿಲ್ಲ. ಯಾಕೆಂದರೆ ಗೈರುಹಾಜರಿಗೆ ಕಥೆಯೊಳಗೇ ಕಾರಣವಿತ್ತು (ಸುಟ್ಟುಹೋಗಿದ್ದಾನೆ), ಅವನು ಮರಳುತ್ತಾನೆ ಎಂಬ ನಿರೀಕ್ಷೆಯಿತ್ತು, ಎದುರಿಗೆ ಆರ್ಟನ್‌ನಂಥ ದೊಡ್ಡ ಗುರಿಯಿತ್ತು. ಆಗಸ್ಟ್ ಹೊತ್ತಿಗೆ ಈ ಮೂರರಲ್ಲಿ ಒಂದೂ ಉಳಿದಿರಲಿಲ್ಲ.

ಬೇರ್ಪಡಿಕೆಯ ದೃಶ್ಯ ಮೊದಲೇ ಆಗಿತ್ತು

2021ರ ಏಪ್ರಿಲ್ 11ರಂದು ಟ್ಯಾಂಪಾದ ರೇಮಂಡ್ ಜೇಮ್ಸ್ ಸ್ಟೇಡಿಯಂ, ರೆಸಲ್‌ಮೇನಿಯಾ 37ರ ಎರಡನೇ ರಾತ್ರಿಯ ಮೊದಲ ಪಂದ್ಯ. ದೈತ್ಯ ಪೆಟ್ಟಿಗೆಯಿಂದ ಫೀಂಡ್ ಜಿಗಿದು ಬಂದ. ಆರು ನಿಮಿಷವೂ ತುಂಬಿರಲಿಲ್ಲ, ಅದೇ ಪೆಟ್ಟಿಗೆಯ ಮೇಲೆ ಬ್ಲಿಸ್ ಕಾಣಿಸಿಕೊಂಡಳು, ಮುಖದ ಮೇಲೆ ಕಪ್ಪು ದ್ರವ ಇಳಿಯುತ್ತಿತ್ತು. ಫೀಂಡ್ ಅವಳತ್ತ ತಿರುಗಿದ, ಆರ್ಟನ್ ತನ್ನ ಆರ್‌ಕೆಒ ಪಟ್ಟು ಹಾಕಿ ಪಿನ್ ಮಾಡಿ ಗೆದ್ದ. ಯಾಕೆ ಹಾಗಾಯಿತು ಎಂದು ಇಂದಿಗೂ ಟಿವಿ ಬಿಡಿಸಿ ಹೇಳಿಲ್ಲ.

ಮರುದಿನದ 'ರಾ'ದಲ್ಲಿ ಎರಡು ಕೆಲಸ ನಡೆಯಿತು. ಫನ್ ಹೌಸ್‌ನಲ್ಲಿ ವಯಾಟ್ ನಗುತ್ತ ಹೊಸ ಆರಂಭದ ಮಾತಾಡಿದ. ಇನ್ನೊಂದು ಕಡೆ ಬ್ಲಿಸ್, ಅವನಿಂದ ಕಲಿತದ್ದು ಸಾಕು, ಇನ್ನು ಅವನ ಅಗತ್ಯವಿಲ್ಲ ಎಂಬರ್ಥದ ಮಾತಾಡಿ ಲಿಲಿ ಎಂಬ ಗೊಂಬೆಯನ್ನು ಪರಿಚಯಿಸಿದಳು. ಆ ದಿನದ ನಂತರ ವಯಾಟ್ ಮತ್ತೆ ಕಂಪನಿಯ ಟಿವಿಯಲ್ಲಿ ಕಂಡದ್ದು 2022ರ ಅಕ್ಟೋಬರ್ 8ರಂದು.

ರಿಲೀಸ್‌ಗೆ ಮೂರೂವರೆ ತಿಂಗಳು ಮೊದಲೇ ಪರದೆಯ ಮೇಲೆ ಸಂಬಂಧ ಹರಿದದ್ದು ದೊಡ್ಡ ಅನುಕೂಲ. ಆಗಸ್ಟ್ 2ರಂದು ಬರಹಗಾರರು ಯಾವ ಸುಳ್ಳನ್ನೂ ಹೊಸದಾಗಿ ಹೇಳಬೇಕಾಗಿರಲಿಲ್ಲ. ಆರ್ಟನ್ ಕೂಡ ಏಪ್ರಿಲ್ ಮುಗಿಯುವ ಮೊದಲೇ ರಿಡಲ್ ಜೊತೆ 'ಆರ್‌ಕೆ-ಬ್ರೋ' ಕಟ್ಟಿಕೊಂಡು ಹೊರಬಿದ್ದಿದ್ದ. ಸಮ್ಮರ್‌ಸ್ಲ್ಯಾಮ್‌ನಲ್ಲಿ ಆ ಜೋಡಿ ಟ್ಯಾಗ್ ಪಟ್ಟವನ್ನೂ (ಜೋಡಿಗಳ ಚಾಂಪಿಯನ್ ಪಟ್ಟ) ಗೆದ್ದಿತು. ಇದ್ದಕ್ಕಿದ್ದಂತೆ ಒಬ್ಬ ಇಲ್ಲವಾದಾಗ ಕಥೆಯ ಯಾವ ಕೊಂಡಿ ಕಡಿದು ಬೇರೆ ದಿಕ್ಕಿಗೆ ಹರಿಯಬಲ್ಲದು ಎಂಬುದಕ್ಕೆ ಆರ್ಟನ್ ಒಳ್ಳೆಯ ಮಾದರಿ. ಅವನ ಪಾತ್ರದಲ್ಲಿ ಫೀಂಡ್‌ನಿಂದ ಬಂದದ್ದು ಒಂದು ಸುಟ್ಟ ಮುಖ ಮಾತ್ರ, ಅದು ಮೇನಿಯಾಗೆ ಮೊದಲೇ ವಾಸಿಯಾಗಿತ್ತು. ಬ್ಲಿಸ್‌ಳ ಪಾತ್ರದಲ್ಲಿ ಅವನಿಂದ ಬಾರದದ್ದು ಏನೂ ಇರಲಿಲ್ಲ.

ಹಾಗಾಗಿ ಲಿಲಿ. ಗೊಂಬೆಯ ಲೆಕ್ಕ ಸರಳವಾಗಿತ್ತು: ಶಕ್ತಿಯ ಮೂಲವನ್ನು ಹೋದವನಿಂದ ಕಿತ್ತು, ಸದಾ ಕೈಯಲ್ಲಿರುವ ಒಂದು ವಸ್ತುವಿಗೆ ಅಂಟಿಸುವುದು. ವಸ್ತುವಿಗೆ ಒಪ್ಪಂದವಿಲ್ಲ, ಗಾಯವಿಲ್ಲ, ಸಂಬಳವಿಲ್ಲ. ಅಂಗಡಿಯಲ್ಲಿ ಮಾರಲೂಬಹುದು, ಹಾಗೆ ಮಾರಿದ್ದೂ ಉಂಟು. ಆದರೆ ಫೀಂಡ್ ಎದ್ದು ಬಂದು ಹೊಡೆಯುತ್ತಿದ್ದ, ಲಿಲಿ ಹೊಡೆಯಲಾರಳು. ಆ ಕೊರತೆಯನ್ನು ತಂತ್ರದಿಂದ ತುಂಬಬೇಕಿತ್ತು.

ಥಂಡರ್‌ಡೋಮ್ ಮುಚ್ಚಿದಾಗ

ರಿಲೀಸ್‌ಗೆ ಹದಿನೈದು ದಿನ ಮೊದಲು ಆದ ಒಂದು ಬದಲಾವಣೆ ಈ ಪ್ರಕರಣದಲ್ಲಿ ವಯಾಟ್‌ನ ನಿರ್ಗಮನದಷ್ಟೇ ಮುಖ್ಯ. ಕೋವಿಡ್ ಕಾರಣ 2020ರ ಆಗಸ್ಟ್‌ನಿಂದ ಕಂಪನಿ 'ಥಂಡರ್‌ಡೋಮ್' ಎಂಬ ಮುಚ್ಚಿದ ವ್ಯವಸ್ಥೆಯಲ್ಲಿ ಕಾರ್ಯಕ್ರಮ ಮಾಡುತ್ತಿತ್ತು. ಮೊದಲು ಆರ್ಲಾಂಡೊ, ಆಮೇಲೆ ಸೇಂಟ್ ಪೀಟರ್ಸ್‌ಬರ್ಗ್, ಕೊನೆಗೆ ಟ್ಯಾಂಪಾ. ಕುರ್ಚಿಗಳ ಜಾಗದಲ್ಲಿ ಸುಮಾರು 1,000 ಎಲ್‌ಇಡಿ ಫಲಕ, ಅದರಲ್ಲಿ ಮನೆಯಿಂದಲೇ ಸೇರಿಕೊಂಡ ಅಭಿಮಾನಿಗಳ ಮುಖ. 2021ರ ಜುಲೈ 16ರಂದು ಹ್ಯೂಸ್ಟನ್‌ನಲ್ಲಿ ನಿಜವಾದ ಜನ ಮರಳಿದರು.

ಮಾಟದ ಕಥೆಗೆ ಮುಚ್ಚಿದ ಸಭಾಂಗಣ ಯಾಕೆ ಅನುಕೂಲ ಎಂದರೆ, ಅಲ್ಲಿ ನೋಡುವ ಕಣ್ಣು ಒಂದೇ, ಅದು ಕ್ಯಾಮೆರಾ. ದೀಪ ಆರಿದಾಗ ರಿಂಗ್ ಅಡಿಯಿಂದ ವ್ಯಕ್ತಿ ಹೊರಬರಬಹುದು, ಎದ್ದು ಹೋಗಬಹುದು, ಬೊಂಬೆ ಬದಲಿಸಬಹುದು. ಪಕ್ಕದಿಂದ ಇಣುಕುವವರು ಯಾರೂ ಇಲ್ಲ. ಶಬ್ದವನ್ನು ಬೇಕಾದಂತೆ ಸೇರಿಸಬಹುದು. ಒಂದು ದೃಶ್ಯ ಕೆಟ್ಟರೆ ಮತ್ತೆ ತೆಗೆಯುವ ಅವಕಾಶವೂ ಹಲವು ಸಲ ಇರುತ್ತದೆ. ಟಿಎಲ್‌ಸಿಯ ಬೆಂಕಿ, ಆರ್ಟನ್‌ನ ಕಪ್ಪು ದ್ರವ ಎರಡೂ ಈ ಕಾರಣಕ್ಕೇ ನಿಂತವು. ಜೂನ್ 20ರ ಹೆಲ್ ಇನ್ ಎ ಸೆಲ್‌ನಲ್ಲಿ ಶೇನಾ ಬಾಸ್ಲರ್ ಎದುರು ಬ್ಲಿಸ್ ಗೆದ್ದದ್ದೂ ಜನವಿಲ್ಲದ ಆ ಕಾಲದಲ್ಲೇ. ಅಲ್ಲಿ ಅವಳು ನೋಟದಿಂದಲೇ ನಯಾ ಜ್ಯಾಕ್ಸ್‌ಳನ್ನು ವಶಮಾಡಿ, ಅವಳ ಕೈಯಿಂದಲೇ ರೆಜಿನಾಲ್ಡ್‌ಗೆ ಹೊಡೆಸಿದಳು.

ಜುಲೈ 18ರ ಮನಿ ಇನ್ ದ ಬ್ಯಾಂಕ್ ಎಂಬ ಏಣಿ ಪಂದ್ಯಕ್ಕೆ ಫೋರ್ಟ್ ವರ್ತ್‌ನಲ್ಲಿ ಜನ ತುಂಬಿದ್ದರು. ಬ್ಲಿಸ್ ಅದೇ ವಶೀಕರಣವನ್ನು ಏಣಿಯ ಮೇಲಿದ್ದ ಝೆಲಿನಾ ವೇಗಾ ಮೇಲೆ ಮಾಡಿದಳು. ವೇಗಾ ಕಣ್ಣು ನೆಟ್ಟು ಒಂದೊಂದೇ ಮೆಟ್ಟಿಲು ಕೆಳಗಿಳಿದಳು. ಆಮೇಲೆ ಉಳಿದ ಹೆಂಗಸರೆಲ್ಲ ಸೇರಿ ಬ್ಲಿಸ್ ಮೇಲೆ ಏಣಿಗಳನ್ನು ಪೇರಿಸಿ ಹೂತರು. ವಶೀಕರಣ ಬಲ್ಲವಳನ್ನು ಅಲ್ಯೂಮಿನಿಯಂ ಏಣಿ ತಡೆಯುತ್ತದೆ ಎಂದಾದರೆ ಆ ಶಕ್ತಿಯ ಮಿತಿ ಎಲ್ಲಿದೆ? ಯಾರ ಮೇಲೆ ನಡೆಯುತ್ತದೆ, ಯಾರ ಮೇಲೆ ಇಲ್ಲ? ಈ ನಿಯಮ ಯಾರೂ ಬರೆದಿರಲಿಲ್ಲ. ಫೀಂಡ್‌ಗೆ ಅದೇ ರೋಗ ಹಿಂದೆಯೇ ತಗುಲಿತ್ತು. 2019ರ ಅಕ್ಟೋಬರ್ 6ರ ಹೆಲ್ ಇನ್ ಎ ಸೆಲ್‌ನಲ್ಲಿ ಸೋಲಿಸಲಾಗದವನನ್ನು ಏನು ಮಾಡುವುದೆಂದು ತಿಳಿಯದೆ ರೆಫರಿಯೇ ಪಂದ್ಯ ನಿಲ್ಲಿಸಿದ್ದ, ಜನ ಕೆರಳಿದ್ದರು. ಮರುವರ್ಷ ಗೋಲ್ಡ್‌ಬರ್ಗ್ ಎದುರು ಸಲೀಸಾಗಿ ಸೋತ. ಮಿತಿಯಿಲ್ಲದ ಶಕ್ತಿಗೆ ಸೋಲು ಬಂದಾಗ ಅದು ಸೋತಂತೆ ಕಾಣುವುದಿಲ್ಲ, ಬರಹಗಾರ ಕೈಚೆಲ್ಲಿದಂತೆ ಕಾಣುತ್ತದೆ.

ಆಗಸ್ಟ್ 2ರಿಂದ ಸೆಪ್ಟೆಂಬರ್ 26

ರಿಲೀಸ್ ನಂತರದ ಮೊದಲ 'ರಾ' ಷಿಕಾಗೋ ಪಕ್ಕದ ರೋಸ್‌ಮಾಂಟ್‌ನಲ್ಲಿ. ನಮ್ಮಲ್ಲಿ ಮಂಗಳವಾರ ಬೆಳಗ್ಗೆ 5.30ಕ್ಕೆ ಎದ್ದು ನೋಡಿದವರಿಗೂ ಸುದ್ದಿ ಹಳೆಯದಾಗಿತ್ತು. ಇನ್ನು ಆ ಸಭಾಂಗಣದಲ್ಲಿ ಕೂತವರ ಮಾತೇನು. ಬ್ಲಿಸ್ ಭಾಗ ಬಂದಾಗ ಜನ ವಯಾಟ್ ಬೇಕು ಎಂದು ಕೂಗಿದರು. ನಿರೂಪಕರು ಕೇಳಿಸದವರಂತೆ ಮುಂದೆ ಹೋದರು.

ಇಂಥ ಕೂಗಿಗೆ ಮೂರು ಬಗೆಯ ಪ್ರತಿಕ್ರಿಯೆ ಸಾಧ್ಯ. ಕೇಳಿಸದಂತೆ ಇರುವುದು, ಪಾತ್ರದೊಳಗಿಂದ ಒಂದು ಸಾಲಿನಲ್ಲಿ ಉತ್ತರಿಸುವುದು, ಇಲ್ಲವೇ ಕೂಗನ್ನೇ ಕಥೆಯಾಗಿ ಮಾಡುವುದು. ಮೂರನೆಯದಕ್ಕೆ ಕಂಪನಿಯ ಇತಿಹಾಸದಲ್ಲೇ ಪುರಾವೆ ಇದೆ. 2005ರ ಏಪ್ರಿಲ್‌ನಲ್ಲಿ ಮ್ಯಾಟ್ ಹಾರ್ಡಿಯನ್ನು ತೆಗೆದ ಮೇಲೆ ಎಡ್ಜ್ ಮತ್ತು ಲೀಟಾ ಹೋದಲ್ಲೆಲ್ಲ ಜನ ಅವನ ಹೆಸರು ಕೂಗಿದರು. ಜೂನ್ 20ರ ಮದುವೆ ದೃಶ್ಯದಲ್ಲಿ ಅವನ ಸಂಗೀತ ಹಾಕಿ ಜನರನ್ನು ಕೆಣಕಿದರು, ಜುಲೈ 11ರಂದು ಅವನನ್ನೇ ವಾಪಸ್ ಕರೆಸಿ ಆ ಸಿಟ್ಟನ್ನು ಸಮ್ಮರ್‌ಸ್ಲ್ಯಾಮ್ ಪಂದ್ಯಕ್ಕೆ ತಿರುಗಿಸಿದರು. ಆದರೆ ಇದು ಹೋದವನನ್ನು ಮರಳಿ ಕರೆಯುವ ಮನಸ್ಸಿದ್ದರೆ ಮಾತ್ರ ನಡೆಯುವ ದಾರಿ. 2021ರಲ್ಲಿ ಆ ಮನಸ್ಸಿರಲಿಲ್ಲ. ಹಾಗಾದರೆ ಎರಡನೆಯದಾದರೂ ಮಾಡಬಹುದಿತ್ತು. ಏಪ್ರಿಲ್ 12ರ ಮಾತುಗಳು ಕೈಯಲ್ಲೇ ಇದ್ದವು. ಅವನನ್ನು ನಾನೇ ಮುಗಿಸಿದೆ ಎಂಬ ಅರ್ಥದ ಒಂದು ಸಾಲು, ಹೆಸರು ಹೇಳದೆಯೂ, ಕೂಗನ್ನು ಅವಳ ವಿರುದ್ಧದ ಸಿಟ್ಟಾಗಿ ಬದಲಿಸುತ್ತಿತ್ತು. ಅವಳನ್ನು ನಿಜವಾದ ಹೀಲ್ (ಖಳಪಾತ್ರ) ಮಾಡುತ್ತಿತ್ತು. ಕಂಪನಿ ಮೊದಲನೆಯದನ್ನೇ ಹಿಡಿಯಿತು. ಅಭಿಮಾನಿಗಳ ಸಿಟ್ಟು ಕಂಪನಿಯ ಮೇಲಿತ್ತು, ಬಿದ್ದದ್ದು ಮಾತ್ರ ರಿಂಗ್‌ನಲ್ಲಿದ್ದ ಬ್ಲಿಸ್ ಮೇಲೆ.

ಎದುರಾಳಿಯ ಆಯ್ಕೆಯೂ ನೆರವಾಗಲಿಲ್ಲ. ಆಗಸ್ಟ್ 21ರಂದು ಲಾಸ್ ವೇಗಸ್‌ನ ಅಲಿಜಿಯಂಟ್ ಸ್ಟೇಡಿಯಂನಲ್ಲಿ ಈವಾ ಮರೀ ಎದುರು ಪಂದ್ಯ, ನಾಲ್ಕು ನಿಮಿಷದೊಳಗೆ ಮುಗಿಯಿತು. ಸೋತವಳು ಈವಾ ಎಂದು ಅವಳದೇ ಸಂಗಾತಿ ಡೂಡ್ರಾಪ್ ಮೈಕ್ ಹಿಡಿದು ಸಾರಿದ್ದೇ ಆ ಪಂದ್ಯದ ನಿಜವಾದ ಕಥೆ. ಈವಾ ಪಾತ್ರ ಇದ್ದದ್ದೇ ರೆಸ್ಲಿಂಗ್ ಬಾರದ ಸೋಗಲಾಡಿಯಾಗಿ. ಅವಳನ್ನು ಸೋಲಿಸಲು ಮಾಟ ಬೇಕಾಗಿರಲಿಲ್ಲ. ಅಂದರೆ ಲಿಲಿಯ ಶಕ್ತಿಯನ್ನು ಪರೀಕ್ಷೆಗೆ ಒಡ್ಡಬೇಕಾದ ಹೊತ್ತಿನಲ್ಲಿ ಅದು ಅನವಶ್ಯಕ ಎನಿಸುವ ಪಂದ್ಯ ಕೊಟ್ಟರು.

ಮುಂದಿನ ತಿಂಗಳು ಗುರಿ ದೊಡ್ಡದಾಯಿತು: ರಾ ಮಹಿಳಾ ಚಾಂಪಿಯನ್ ಷಾರ್ಲೆಟ್ ಫ್ಲೇರ್. ಸೆಪ್ಟೆಂಬರ್ 26, ಕೊಲಂಬಸ್, ಎಕ್ಸ್‌ಟ್ರೀಮ್ ರೂಲ್ಸ್. ಷಾರ್ಲೆಟ್ ಗೆದ್ದಳು. ಪಂದ್ಯ ಮುಗಿದ ಮೇಲೆ ಲಿಲಿಯನ್ನು ಹಿಡಿದು ಹರಿದಳು, ಹತ್ತಿ ರಿಂಗ್ ತುಂಬ ಚೆಲ್ಲಿತು, ಬ್ಲಿಸ್ ನೆಲಕ್ಕೆ ಕುಸಿದು ಚೀರಿದಳು. ಸೈನಸ್ ಶಸ್ತ್ರಚಿಕಿತ್ಸೆಗೆ ಅವಳಿಗೆ ರಜೆ ಬೇಕಿತ್ತು, ಅದಕ್ಕೊಂದು ಬಾಗಿಲು ಈ ದೃಶ್ಯ.

ಈ ಇಡೀ ಎರಡು ತಿಂಗಳಲ್ಲಿ ಕೆಲಸಗಾರಿಕೆ ಕಂಡದ್ದು ಇಲ್ಲೇ. ಹಲವರು ನಕ್ಕರು, ಗೊಂಬೆಗಾಗಿ ಅಳುವುದೇ ಎಂದರು. ಆದರೆ ಲೆಕ್ಕ ನೋಡಿ. ಶಕ್ತಿಯ ಮೂಲ ವಸ್ತುವಿನಲ್ಲಿದೆ ಎಂದು ಐದು ತಿಂಗಳು ಹೇಳಿದ್ದರು, ವಸ್ತು ನಾಶವಾಯಿತು, ಪಾತ್ರಧಾರಿ ಪರದೆಯಿಂದ ಹೋದಳು. ಕಾರಣ, ಪರಿಣಾಮ, ನಿರ್ಗಮನ ಒಂದೇ ಸಾಲಿನಲ್ಲಿ. ವಯಾಟ್‌ಗೆ ಸಿಗದ ಮುಕ್ತಾಯ ಅವನ ಬದಲಿಗೆ ಬಂದ ಗೊಂಬೆಗೆ ಸಿಕ್ಕಿತು.

ಬೆಸೆದದ್ದನ್ನು ಮತ್ತೆ ಬಿಚ್ಚಿದ್ದು

ಅಲ್ಲಿಗೇ ಬಿಟ್ಟಿದ್ದರೆ ಪ್ರಕರಣ ಮುಗಿಯುತ್ತಿತ್ತು. 2022ರ ಜನವರಿಯಲ್ಲಿ ಬ್ಲಿಸ್ ಚಿಕಿತ್ಸಕನ ಕೋಣೆಯ ಕಿರುದೃಶ್ಯಗಳಲ್ಲಿ ಮರಳಿದಳು. ಮನಸ್ಸು ಕೆಟ್ಟವಳು ವಾಸಿಯಾಗುವುದು ಪಾತ್ರವನ್ನು ಹಳೆಯ ರೂಪಕ್ಕೆ ತರುವ ಸರಿಯಾದ ದಾರಿಯೇ. ಆದರೆ ಫೆಬ್ರುವರಿ 19ರಂದು ಜೆಡ್ಡಾದ ಎಲಿಮಿನೇಷನ್ ಚೇಂಬರ್‌ಗೆ ಅವಳು ಬಂದದ್ದು ಲಿಲಿ ಜೊತೆಗೇ. ಅಂದರೆ ಚಿಕಿತ್ಸೆಯ ಫಲ ಏನೆಂದು ಹೇಳಲಾಗದ ಸ್ಥಿತಿ. ಚೇಂಬರ್‌ನಲ್ಲಿ ಬಿಯಾಂಕಾ ಬೆಲೇರ್ ಗೆದ್ದಳು. ಬ್ಲಿಸ್ ಮತ್ತೆ ಮೇ 9ರವರೆಗೆ ಕಾಣಲಿಲ್ಲ. ಬಂದಾಗ ಸಾಮಾನ್ಯ ಬೇಬಿಫೇಸ್ (ಒಳ್ಳೆಯವಳ ಪಾತ್ರ), ಗೊಂಬೆ ಬರೀ ಕಂಕುಳಿನ ಅಲಂಕಾರ. ಮಾಟದ ಪ್ರಸ್ತಾಪವೇ ಇಲ್ಲ.

ವಯಾಟ್ ಕಡೆ ಏನಾಗುತ್ತಿತ್ತು? ಮುಖ್ಯ ರೋಸ್ಟರ್‌ನವರಿಗೆ (ಮುಖ್ಯ ಕಾರ್ಯಕ್ರಮಗಳ ಪಟುಗಳಿಗೆ) ರಿಲೀಸ್ ನಂತರ 90 ದಿನ ಬೇರೆ ಕಡೆ ಕಾಣಿಸಿಕೊಳ್ಳುವಂತಿಲ್ಲ, ಆ ಅವಧಿಯ ಸಂಬಳ ಸಿಗುತ್ತದೆ. ಅವನ ಲೆಕ್ಕದಲ್ಲಿ ಅದು ಅಕ್ಟೋಬರ್ 29ಕ್ಕೆ ಮುಗಿಯಿತು. ಅಲಿಸ್ಟರ್ ಬ್ಲ್ಯಾಕ್ ವಿಷಯದಲ್ಲಿ ಕಂಪನಿಯ ಹೊಸಬರ ವಿಭಾಗವಾದ ಎನ್‌ಎಕ್ಸ್‌ಟಿಯ ಹಳೆಯ ಒಪ್ಪಂದದ 30 ದಿನವೇ ಉಳಿದುಬಿಟ್ಟಿತ್ತು. ಜುಲೈ 7ಕ್ಕೇ ಅವನು ಮಲಕಾಯ್ ಬ್ಲ್ಯಾಕ್ ಆಗಿ ಪ್ರತಿಸ್ಪರ್ಧಿ ಕಂಪನಿ ಎಇಡಬ್ಲ್ಯುಗೆ ಬಂದು, ಹಳೆಯ ಕಂಪನಿಯಲ್ಲಿ ಆದ ಕಣ್ಣಿನ ಗಾಯವನ್ನೇ ಹೊಸ ಪಾತ್ರಕ್ಕೆ ಎಳೆದುಕೊಂಡ. ಕಥೆಯನ್ನು ಹೋದವನೇ ಹೊತ್ತೊಯ್ದ ಉದಾಹರಣೆ ಅದು. ಫೀಂಡ್ ವಿಷಯದಲ್ಲಿ ಹಾಗೆ ಮಾಡಲು ಆಗುತ್ತಿರಲಿಲ್ಲ, ಹೆಸರು ಮುಖವಾಡ ಎರಡೂ ಕಂಪನಿಯದು. ವಯಾಟ್ ಬೇರೆಲ್ಲೂ ಸಹಿ ಹಾಕಲಿಲ್ಲ.

2022ರ ಜುಲೈ 22ರಂದು ಕಂಪನಿಯ ಮುಖ್ಯಸ್ಥ ವಿನ್ಸ್ ಮೆಕ್‌ಮಹೊನ್ ನಿವೃತ್ತಿ ಘೋಷಿಸಿ, ಕ್ರಿಯೇಟಿವ್ (ಕಥೆ ರೂಪಿಸುವ) ಹೊಣೆ ಮಾಜಿ ರೆಸ್ಲರ್ ಟ್ರಿಪಲ್ ಎಚ್ ಕೈಗೆ ಬಂತು. ಸೆಪ್ಟೆಂಬರ್‌ನಲ್ಲಿ 'ಬಿಳಿ ಮೊಲ'ದ ಸುಳಿವುಗಳು ಶುರುವಾದವು: ಸಭಾಂಗಣದಲ್ಲಿ ಕೆಂಪು ದೀಪ, ಪರದೆಯ ಮೂಲೆಯಲ್ಲಿ ಕ್ಯೂಆರ್ ಕೋಡ್. ಅಕ್ಟೋಬರ್ 8ರಂದು ಫಿಲಡೆಲ್ಫಿಯಾದಲ್ಲಿ ವಯಾಟ್ ಮರಳಿದ. ಆಗ ಹಳೆಯ ಸಾಲದ ಚೀಟಿ ಮತ್ತೆ ಹೊರಬಂತು. ಬ್ಲಿಸ್ ಎದುರು ಅವನ ಲಾಂಛನ ಮಿಂಚತೊಡಗಿತು, 2023ರ ಜನವರಿ 2ರಂದು ಅವಳು ಬಿಯಾಂಕಾ ಮೇಲೆ ಎರಗಿದಳು. ಜನವರಿ 28ರ ರಾಯಲ್ ರಂಬಲ್‌ನಲ್ಲಿ ಸೋತಾಗ ವಯಾಟ್ ಕಥೆಯ ಮುಖವಾಡದ ಪಾತ್ರ ಅಂಕಲ್ ಹೌಡಿಯ ದನಿ ಪರದೆಯಿಂದ ಅವಳನ್ನು ಕೆಣಕಿತು. ಎರಡು ವರ್ಷ ಹಿಡಿದಿಟ್ಟ ಪ್ರಶ್ನೆಗೆ ಉತ್ತರ ಸಿಗುವ ಹೊತ್ತು. ಆಮೇಲೆ ಬ್ಲಿಸ್ ಹೆರಿಗೆಗಾಗಿ ದೂರ ಉಳಿದಳು, ವಯಾಟ್ ಅನಾರೋಗ್ಯದಿಂದ ಪರದೆ ಬಿಟ್ಟ. 2023ರ ಆಗಸ್ಟ್ 24ರಂದು, 36ನೇ ವಯಸ್ಸಿನಲ್ಲಿ, ಅವನು ತೀರಿಕೊಂಡ.

2024ರ ಜೂನ್ 17ರಂದು ಬೋ ಡಲ್ಲಾಸ್ ಅಂಕಲ್ ಹೌಡಿಯಾಗಿ 'ವಯಾಟ್ ಸಿಕ್ಸ್' ತಂಡ ಕಟ್ಟಿಕೊಂಡು ಬಂದ. ಫನ್ ಹೌಸ್‌ನ ಬೊಂಬೆಗಳೆಲ್ಲ ಈಗ ಮನುಷ್ಯರಾಗಿದ್ದವು. ಆ್ಯಬಿ ಎಂಬ ಮಾಟಗಾತಿಯ ಜಾಗದಲ್ಲಿದ್ದದ್ದು ನಿಕ್ಕಿ ಕ್ರಾಸ್, 2020ರಲ್ಲಿ ಬ್ಲಿಸ್ ಕೈಯಿಂದ ಸಿಸ್ಟರ್ ಅಬಿಗೇಲ್ ತಿಂದ ಅದೇ ಗೆಳತಿ. ಬ್ಲಿಸ್ 2025ರ ಫೆಬ್ರುವರಿ 1ರ ರಂಬಲ್‌ಗೆ ಲಿಲಿಯೊಂದಿಗೆ ಮರಳಿ, ಆಗಸ್ಟ್‌ನ ಸಮ್ಮರ್‌ಸ್ಲ್ಯಾಮ್‌ನಲ್ಲಿ ಟ್ಯಾಗ್ ಪಟ್ಟ ಗೆದ್ದಳು. ಜೋಡಿಯಾಗಿದ್ದವಳು ಷಾರ್ಲೆಟ್ ಫ್ಲೇರ್.